ಐಕ್ಯೂ ವರದಿಯಲ್ಲಿ 92 ಬಂದಿದೆ. ಅಳೆದದ್ದು ಏನನ್ನು?

ತುಂಗಾತೀರ

ಅಕ್ಕನ ಮಗ ಆರನೇ ಕ್ಲಾಸು. ಮಿಕ್ಸಿ ಕೆಟ್ಟರೆ ಬಿಚ್ಚಿ ನೋಡುವ ಹುಡುಗ, ಆದರೆ ಪುಸ್ತಕ ಕೈಗೆ ಕೊಟ್ಟರೆ ಹೊಟ್ಟೆನೋವು ಶುರು. ಶಾಲೆಯವರು ಐಕ್ಯೂ ಟೆಸ್ಟ್ ಮಾಡಿಸಿ ಎಂದರು, ಮಾಡಿಸಿದ್ದಾಯಿತು. ನಾಲ್ಕು ಪುಟದ ವರದಿ ಬಂದಿದೆ. ಅಲ್ಲಿನ ಕೌನ್ಸೆಲರ್ ಕೊನೆ ಪುಟದ 92ಕ್ಕೆ ಒಂದು ಸುತ್ತು ಹಾಕಿ, "ಆವರೇಜ್, ಚಿಂತೆ ಬೇಡ" ಎಂದು ಕಳಿಸಿದರು. ನಮ್ಮ ಪ್ರಶ್ನೆ ಕೇಳೋಕೆ ಪುರುಸೊತ್ತೇ ಇರಲಿಲ್ಲ ಅವರಿಗೆ. ಅವತ್ತಿಂದ ಅಕ್ಕ "ನನ್ನ ಮಗ ನೂರಕ್ಕಿಂತ ಕಮ್ಮಿ" ಅಂತ ಕೊರಗುತ್ತಿದ್ದಾಳೆ. ಭಾವ ಫೋನಿನಲ್ಲಿ ಯಾವುದೋ ಟೆಸ್ಟ್ ಮಾಡಿಸಿ 138 ತೆಗೆಸಿದ್ದಾರೆ. ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಇಲ್ಲಿ ಮನಶ್ಶಾಸ್ತ್ರ ಓದಿದವರು ಇದ್ದೀರಿ ಅಲ್ವಾ? ಬುದ್ಧಿವಂತಿಕೆ ಅಂತ ಇವರು ಯಾವುದಕ್ಕೆ ಹೇಳುತ್ತಾರೆ? ಅದನ್ನು ಅಳೆಯುವುದು ಹೇಗೆ? ಈ 92ನ್ನು ನಂಬಬೇಕಾ, ಬಿಡಬೇಕಾ?

ಹಳೇಬೇರು

ಕ್ಲಿನಿಕಲ್ ಸೈಕಾಲಜಿ ನನ್ನ ಹೊಟ್ಟೆಪಾಡು, ಹಾಗಾಗಿ ಬಾಯಿ ಹಾಕುತ್ತೇನೆ.

ಮೊದಲು ನಿಮ್ಮ ಅಕ್ಕನಿಗೆ ಹೇಳಿ, ಇದು ನೂರಕ್ಕೆ 92 ಮಾರ್ಕ್ಸ್ ಅಲ್ಲ, "ನೂರು ಬರಬೇಕಿತ್ತು, ಎಂಟು ಹೋಯಿತು" ಅಂತಲೂ ಅಲ್ಲ. ಅದೇ ವಯಸ್ಸಿನ ತುಂಬಾ ಮಕ್ಕಳಿಗೆ ಮೊದಲೇ ಟೆಸ್ಟ್ ಕೊಟ್ಟಿರುತ್ತಾರೆ. ಅವರ ಸರಾಸರಿಯನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ಹರಡಿಕೆಯನ್ನು 15ಕ್ಕೆ ಹೊಂದಿಸುತ್ತಾರೆ. ಆಗ ನೂರರಲ್ಲಿ 68 ಮಂದಿ 85ರಿಂದ 115ರ ಒಳಗೆ ಬರುತ್ತಾರೆ. 130 ದಾಟುವವರು ಸುಮಾರು ಇಬ್ಬರು. 92 ಅಂದರೆ ನೂರು ಓರಗೆಯ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ ಹಾಗೆ ನಿಲ್ಲಿಸಿದರೆ, ನಿಮ್ಮ ಹುಡುಗನಿಗಿಂತ ಹಿಂದೆ ಸುಮಾರು 30 ಜನ ಇರುತ್ತಾರೆ ಅಂತ. ಅಷ್ಟೇ. ಸಾಲಿನಲ್ಲಿ ಎಷ್ಟನೆಯವನು ಅನ್ನೋದು ಗೊತ್ತಾಗುತ್ತದೆ, ತಲೆಯಲ್ಲಿ ಎಷ್ಟು ಲೀಟರ್ ಬುದ್ಧಿ ಇದೆ ಅನ್ನೋದಲ್ಲ. 120 ಬಂದವನಿಗೆ 60 ಬಂದವನ ಎರಡರಷ್ಟು ಬುದ್ಧಿ ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ. ಯಾವ ಟೆಸ್ಟಿಗೂ ತಪ್ಪಿನ ಅಂಚು ಇರುತ್ತದೆ. ಒಳ್ಳೆಯ ಟೆಸ್ಟಿನಲ್ಲಿ 92 ಬಂತು ಅಂದರೆ "ಸುಮಾರು 86ರಿಂದ 98ರ ಒಳಗೆ" ಅಂತ ಓದಬೇಕು. ಸರಿಯಾದ ವರದಿಯಲ್ಲಿ ಈ ಅಂಚನ್ನು ಬರೆದಿರುತ್ತಾರೆ.

ಫೋನಿನ 138? ಆ ಸಾಲಿನಲ್ಲಿ ಯಾರ್‍ಯಾರು ನಿಂತಿದ್ದರು ಅಂತ ಯಾರಿಗೂ ಗೊತ್ತಿಲ್ಲ. ಬಿಟ್ಟುಬಿಡಿ. ಭಾವನವರು ಬೇಜಾರು ಮಾಡ್ಕೋಬಾರದು.

ಕಾಫಿ_ಕಣಿವೆ

ಅಂದರೆ ಬುದ್ಧಿವಂತಿಕೆ ಏನು ಅಂತ ಗೊತ್ತಿಲ್ಲದೆಯೇ ಅಳೆಯುತ್ತಿದ್ದಾರೆ ಅಂತಾಯಿತು. ನಾನು ಹೇಳಿದ್ದಲ್ಲ ಇದು. ಎಡ್ವಿನ್ ಬೋರಿಂಗ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1923ರಲ್ಲೇ ಹೇಳಿಬಿಟ್ಟಿದ್ದಾರೆ: ಬುದ್ಧಿಮತ್ತೆ ಅಂದರೆ ಬುದ್ಧಿಮತ್ತೆಯ ಪರೀಕ್ಷೆಗಳು ಯಾವುದನ್ನು ಅಳೆಯುತ್ತವೋ ಅದು. ನೂರು ವರ್ಷ ಆಯಿತು. ಇನ್ನೂ ಅದೇ ಕಥೆ.

ಹಳೇಬೇರು

ಅರ್ಧ ಒಪ್ಪುತ್ತೇನೆ. ಆದರೆ ಬೋರಿಂಗ್ ಅದನ್ನು ಗೇಲಿಗೆ ಹೇಳಿದ್ದಲ್ಲ. ಸದ್ಯಕ್ಕೆ ಇಲ್ಲಿಂದ ಶುರು ಮಾಡೋಣ, ಮುಂದೆ ನೋಡೋಣ ಅನ್ನೋ ಅರ್ಥದಲ್ಲಿ ಹೇಳಿದ್ದು.

ವ್ಯಾಖ್ಯಾನ ಬೇಕಿದ್ದರೆ ಡೇವಿಡ್ ವೆಕ್ಸ್‌ಲರ್ ಕೊಟ್ಟಿದ್ದಾರೆ. ಗುರಿಯಿಟ್ಟು ಕೆಲಸ ಮಾಡುವುದು, ತರ್ಕದಿಂದ ಯೋಚಿಸುವುದು, ಸುತ್ತಲಿನ ಪರಿಸ್ಥಿತಿಯನ್ನು ಸಮರ್ಥವಾಗಿ ನಿಭಾಯಿಸುವುದು, ಈ ಮೂರೂ ಸೇರಿದ ಒಟ್ಟು ಸಾಮರ್ಥ್ಯ ಅಂತ. ಈಗ ಜಾಸ್ತಿ ಬಳಕೆಯಲ್ಲಿರುವ ಟೆಸ್ಟುಗಳು ಈ ಮನುಷ್ಯ 1939ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಇದ್ದಾಗ ಮಾಡಿದ ಟೆಸ್ಟಿನ ಮರಿಮಕ್ಕಳು. ತಮಾಷೆ ನೋಡಿ, ಅವರ ವ್ಯಾಖ್ಯಾನದಲ್ಲಿ ಮೂರು ಇವೆ, ಟೆಸ್ಟ್ ಅಳೆಯುವುದು ಹೆಚ್ಚಾಗಿ ನಡುವಿನ ಒಂದನ್ನು.

ರಾಣಿಬಾಗಿಲು

ನಾನು ವಿಶೇಷ ಶಿಕ್ಷಕಿ. ಶುರುವಾದದ್ದು ಎಲ್ಲಿ ಅಂತ ನೋಡಿದರೆ ಅರ್ಧ ಜಗಳ ಮುಗಿಯುತ್ತದೆ. ಪ್ಯಾರಿಸ್ಸಿನಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬರೋಕೆ ಶುರುವಾಗಿತ್ತು. ಯಾವ ಮಗುವಿಗೆ ಬೇರೆ ತರಹದ ಪಾಠ ಬೇಕು ಅಂತ ಮೇಷ್ಟ್ರುಗಳ ಮಾತಿನ ಮೇಲೆ ತೀರ್ಮಾನ ಆಗುತ್ತಿತ್ತು. ಗಲಾಟೆ ಮಾಡುವವನೂ ದಡ್ಡ, ಬಡವನೂ ದಡ್ಡ. ಅದಕ್ಕೇ 1904ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿ ಆಲ್ಫ್ರೆಡ್ ಬಿನೆ ಇದ್ದರು. 1905ರಲ್ಲಿ ಅವರು ಮತ್ತು ಥಿಯೋಡೋರ್ ಸಿಮೋನ್ ಸೇರಿ 30 ಪ್ರಶ್ನೆಗಳ ಪಟ್ಟಿ ತಂದರು.

ಆ ಪ್ರಶ್ನೆಗಳನ್ನು ನೋಡಬೇಕು ನೀವು. ಮೊದಲನೆಯದು, ಉರಿಯುವ ಬೆಂಕಿಕಡ್ಡಿ ಆಡಿಸಿದರೆ ಮಗುವಿನ ಕಣ್ಣು ಅದರ ಹಿಂದೆ ಹೋಗುತ್ತದಾ? ಆಮೇಲೆ, ಚಾಕೊಲೇಟು ಮತ್ತು ಮರದ ತುಂಡು ಎರಡೂ ಇಟ್ಟರೆ ತಿನ್ನೋದು ಯಾವುದು ಅಂತ ಗೊತ್ತಾಗುತ್ತದಾ? ಇನ್ನೂ ಮುಂದೆ, ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ, ಕಾಗದಕ್ಕೂ ರಟ್ಟಿಗೂ ಏನು ವ್ಯತ್ಯಾಸ? ಯಾವ ದೊಡ್ಡ ಸಿದ್ಧಾಂತವೂ ಇಲ್ಲ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಇದನ್ನು ಮಾಡುತ್ತಾರೆ, ಈ ಮಗು ಮಾಡುತ್ತಿಲ್ಲ, ಹಾಗಾದರೆ ಸಹಾಯ ಬೇಕು. ಬಿನೆಯ ಲೆಕ್ಕ ಅಷ್ಟೇ. ಮಗುವಿನ ಬುದ್ಧಿ ಇಷ್ಟೇ, ಇದು ಜಾಸ್ತಿ ಆಗಲ್ಲ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

1911ರಲ್ಲಿ ತೀರಿಕೊಂಡರು. ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು (ಮಗು ಯಾವ ವಯಸ್ಸಿನವರ ಪ್ರಶ್ನೆಗಳನ್ನು ಬಿಡಿಸುತ್ತದೋ ಆ ವಯಸ್ಸು) ನಿಜ ವಯಸ್ಸಿನಿಂದ ಭಾಗಿಸಿ ಎಂದರು. 1916ರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿದರು. ಐಕ್ಯೂ ಹುಟ್ಟಿತು. (ಹಳೇಬೇರು ಹೇಳಿದ ಸಾಲಿನ ಲೆಕ್ಕ ವೆಕ್ಸ್‌ಲರ್ ತಂದದ್ದು. ದೊಡ್ಡವರಿಗೆ ಭಾಗಾಕಾರ ಹೊಂದಲ್ಲ, 60 ವರ್ಷದವರ ಮಾನಸಿಕ ವಯಸ್ಸು ಅಂತ ಏನು ಹೇಳ್ತೀರಿ?)

ಕಾಫಿ_ಕಣಿವೆ

ಮುಂದಿನದನ್ನೂ ಹೇಳಿ ಮೇಡಂ. ಒಂದನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ 17 ಲಕ್ಷ ಸೈನಿಕರಿಗೆ ಟೆಸ್ಟ್ ಕೊಟ್ಟರು. ಇಂಗ್ಲಿಷ್ ಬಾರದ ವಲಸಿಗರು ಕಮ್ಮಿ ತೆಗೆದರೆ "ಈ ಜನಾಂಗವೇ ಹೀಗೆ" ಎಂದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಕ್ ವರ್ಸಸ್ ಬೆಲ್ ಕೇಸಿನಲ್ಲಿ "ಮಂದಬುದ್ಧಿ" ಎಂದು ಹಣೆಪಟ್ಟಿ ಹಚ್ಚಿದ ಹುಡುಗಿಗೆ ಸಂತಾನಹರಣ ಚಿಕಿತ್ಸೆ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಸಹಾಯ ಮಾಡೋಕೆ ಹುಟ್ಟಿದ ಉಪಕರಣ 20 ವರ್ಷದಲ್ಲಿ ಎಲ್ಲಿಗೆ ಹೋಯಿತು ನೋಡಿ.

ರಾಣಿಬಾಗಿಲು

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸರಾಸರಿ_ಸೋಮ

ಇತಿಹಾಸ ಕೆಟ್ಟದ್ದು, ನಿಜ. ಅದರಿಂದ ಅಳತೆಯೇ ಸುಳ್ಳು ಅಂತ ಆಗಲ್ಲ. ನಾನು ಅಂಕಿಅಂಶದ ಕಡೆಯವನು, ಆ ಕಡೆಯಿಂದ ಒಂದು ಮಾತು.

1904ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಒಂದು ವಿಚಿತ್ರ ಗಮನಿಸಿದರು. ಶಾಲೆಯಲ್ಲಿ ಭಾಷೆಯಲ್ಲಿ ಮುಂದಿರುವ ಮಕ್ಕಳು ಗಣಿತದಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ. ಸ್ವರಗಳ ಏರಿಳಿತ ಗುರುತಿಸುವುದರಲ್ಲೂ ಅಷ್ಟೇ. ಒಂದಕ್ಕೊಂದು ಸಂಬಂಧವೇ ಇಲ್ಲದ ಕೆಲಸಗಳು, ಆದರೂ ಅಂಕಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಇದರ ಹಿಂದೆ ಏನೋ ಒಂದು ಸಾಮಾನ್ಯ ಅಂಶ ಇದೆ ಅಂತ ಅದಕ್ಕೆ "ಜಿ" ಎಂದು ಹೆಸರಿಟ್ಟರು. ಆಮೇಲೆ ಬಂದವರು ಬೇಕಾದಷ್ಟು ಕಿತ್ತಾಡಿದ್ದಾರೆ. ಥರ್ಸ್ಟನ್ 1938ರಲ್ಲಿ ಜಿ ಇಲ್ಲ, ಏಳು ಬೇರೆಬೇರೆ ಸಾಮರ್ಥ್ಯ ಇವೆ ಎಂದರು. ಕ್ಯಾಟೆಲ್ ಎರಡು ಭಾಗ ಮಾಡಿದರು: ಹೊಸ ಸಮಸ್ಯೆ ಎದುರಾದಾಗ ಬಿಡಿಸುವ ಶಕ್ತಿ ಒಂದು, ಓದಿ ಕೇಳಿ ಕೂಡಿಟ್ಟ ತಿಳಿವಳಿಕೆ ಇನ್ನೊಂದು. ಮೊದಲನೆಯದು ವಯಸ್ಸಾದಂತೆ ಬೇಗ ಇಳಿಯುತ್ತದೆ, ಎರಡನೆಯದು ಬಹಳ ಕಾಲ ನಿಲ್ಲುತ್ತದೆ. 1993ರಲ್ಲಿ ಜಾನ್ ಕ್ಯಾರಲ್ 460ಕ್ಕೂ ಹೆಚ್ಚು ಅಧ್ಯಯನಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಎಲ್ಲರನ್ನೂ ಒಂದೇ ಮನೆಯ ಮೂರು ಮಹಡಿಯಲ್ಲಿ ಕೂರಿಸಿದರು. ಮೇಲೆ ಜಿ, ನಡುವೆ ಎಂಟು ಚಿಲ್ಲರೆ ದೊಡ್ಡ ಸಾಮರ್ಥ್ಯಗಳು, ಕೆಳಗೆ ಸಣ್ಣ ಸಣ್ಣವು. ಈಗಿನ ಟೆಸ್ಟುಗಳು ಹೆಚ್ಚುಕಮ್ಮಿ ಇದೇ ನಕ್ಷೆಯ ಮೇಲೆ ನಿಂತಿವೆ.

ಅಂದಹಾಗೆ ಇದರಲ್ಲಿ ನಮ್ಮೂರಿನ ಪಾಲೂ ಇದೆ. ಲಂಡನ್ನಿನಲ್ಲಿ ಇದೇ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದರು. ಹೌದು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ ಅದೇ ಆಕಾಶವಾಣಿ ಗೋಪಾಲಸ್ವಾಮಿ.

ಮಳೆಹನಿ

ಹೋವರ್ಡ್ ಗಾರ್ಡ್‌ನರ್ ಹೇಳಿದ ಬಹುಮುಖ ಬುದ್ಧಿಮತ್ತೆ ಯಾರೂ ಎತ್ತಲಿಲ್ಲವಲ್ಲ? ಸಂಗೀತದ್ದು, ದೇಹದ್ದು, ಜನರೊಡನೆ ಬೆರೆಯುವುದು ಅಂತ ಏಳು. ನಮ್ಮ ಬಿ.ಎಡ್.ನಲ್ಲಿ ಅದೇ ಪಾಠ.

ಸರಾಸರಿ_ಸೋಮ

1983ರಲ್ಲಿ ಬಂದ ಆ ಮಾತು ಶಿಕ್ಷಕರಿಗೆ ಬಹಳ ಇಷ್ಟ. ಮಕ್ಕಳನ್ನು ನೋಡುವ ಕಣ್ಣು ದೊಡ್ಡದಾಯಿತು, ಒಪ್ಪುತ್ತೇನೆ. ಆದರೆ ಏಳೂ ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿವೆ ಅನ್ನೋದನ್ನು ಅಂಕಿಗಳು ಎತ್ತಿಹಿಡಿಯುವುದಿಲ್ಲ. ಅಳೆಯಬಹುದಾದವನ್ನು ಅಳೆದರೆ ಅವೂ ಒಟ್ಟಿಗೆ ಏರಿಳಿಯುತ್ತವೆ.

ಎಡಿನ್‌ಬರೊ_ಹುಡುಗಿ

ನಾನಿರುವ ಊರಿನ ಕಥೆ ಹೇಳಲೇಬೇಕು. 1932ರ ಜೂನ್ 1ರಂದು ಸ್ಕಾಟ್ಲೆಂಡಿನಲ್ಲಿ ಶಾಲೆಗೆ ಬಂದಿದ್ದ ಹನ್ನೊಂದು ವರ್ಷದ ಎಲ್ಲ ಮಕ್ಕಳಿಗೂ ಒಂದೇ ಟೆಸ್ಟ್ ಕೊಟ್ಟರು, 87,498 ಮಕ್ಕಳಿಗೆ. ಉತ್ತರಗಳ ದಾಖಲೆ ಎಲ್ಲೋ ಬಿದ್ದಿತ್ತು. ದಶಕಗಳ ನಂತರ ಇಯಾನ್ ಡಿಯರಿ ಮತ್ತು ಸಂಗಡಿಗರ ಕೈಗೆ ಅದು ಸಿಕ್ಕಿತು. ಬದುಕಿದ್ದ ಕೆಲವರನ್ನು ಹುಡುಕಿ, 1998ರ ಜೂನ್ 1ರಂದು, ಅಂದರೆ ಸರಿಯಾಗಿ 66 ವರ್ಷದ ನಂತರ, ಅಬರ್ಡೀನಿನಲ್ಲಿ ಅದೇ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದರು. ಅಜ್ಜ ಅಜ್ಜಿಯರೆಲ್ಲ ಪೆನ್ಸಿಲ್ ಹಿಡಿದು ಕೂತರು! ಬಾಲ್ಯದ ಅಂಕಕ್ಕೂ ಮುಪ್ಪಿನ ಅಂಕಕ್ಕೂ ಸಹಸಂಬಂಧ 0.6ಕ್ಕಿಂತ ಜಾಸ್ತಿ ಬಂತು (ಸೊನ್ನೆ ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಸುಮ್ನೆ ಗಾಳಿಗೆ ಗುರಿಯಿಟ್ಟ ಅಳತೆಯಾದರೆ ಹೀಗೆ ಬರಲ್ಲ.

ಕಾಫಿ_ಕಣಿವೆ

ಒಂದೇ ನಾಡು, ಒಂದೇ ಭಾಷೆ, ಒಂದೇ ತರಹದ ಶಾಲೆ. ಅಲ್ಲಿ ಸರಿ. ಅದನ್ನು ತಂದು ಇಲ್ಲಿ ಇಟ್ಟರೆ?

ಬಯಲು_ಮೇಷ್ಟ್ರು

ಈ ಪ್ರಶ್ನೆಗೇ ಕಾಯುತ್ತಿದ್ದೆ.

1931ರ ಸುಮಾರಿಗೆ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋದರು. ಓದುಬರಹ ಬಾರದ ರೈತರ ಮುಂದೆ ನಾಲ್ಕು ಚಿತ್ರ ಇಟ್ಟರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ. ಯಾವುದು ಗುಂಪಿಗೆ ಸೇರಲ್ಲ? ನಮ್ಮ ಉತ್ತರ ದಿಮ್ಮಿ, ಉಳಿದವೆಲ್ಲ ಉಪಕರಣ. ರೈತ ಎಂದ, ಎಲ್ಲವೂ ಸೇರುತ್ತವೆ. ಗರಗಸ ಕೊಯ್ಯೋಕೆ, ಕೊಡಲಿ ಸೀಳೋಕೆ, ದಿಮ್ಮಿಯೇ ಇಲ್ಲದಿದ್ದರೆ ಏನು ಮಾಡೋದು? "ಇನ್ನೊಬ್ಬ ದಿಮ್ಮಿ ಸೇರಲ್ಲ ಅಂದನಲ್ಲ" ಎಂದು ಕೇಳಿದರು. ಅದಕ್ಕೆ ಈತ, ಅವನ ಮನೆಯಲ್ಲಿ ಸೌದೆ ಬೇಕಾದಷ್ಟು ಇರಬೇಕು, ನಮ್ಮಲ್ಲಿಲ್ಲ ಎಂದ!

ಟೆಸ್ಟಿನ ಲೆಕ್ಕದಲ್ಲಿ ಆತನಿಗೆ ಸೊನ್ನೆ. ಈಗಲೂ "ಎರಡು ವಸ್ತುಗಳಲ್ಲಿ ಸಮಾನ ಏನು" ಅಂತ ಕೇಳುವ ಪ್ರಶ್ನೆಗಳಲ್ಲಿ "ಎರಡೂ ಹಣ್ಣು" ಎಂದವನಿಗೆ ಪೂರ್ತಿ ಅಂಕ, "ಎರಡನ್ನೂ ತಿಂತೀವಿ" ಎಂದವನಿಗೆ ಕಮ್ಮಿ. ಹೀಗೆ ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸಿ ಯೋಚಿಸುವ ಅಭ್ಯಾಸ ಶಾಲೆಯಿಂದ ಬರುವಂಥದ್ದು.

ಇನ್ನೊಂದು. 1985ರಲ್ಲಿ ಬ್ರೆಜಿಲ್ಲಿನ ರೆಸೀಫೆ ಊರಿನಲ್ಲಿ ಸಂತೆಯಲ್ಲಿ ಮಾರುವ ಮಕ್ಕಳ ಲೆಕ್ಕ ನೋಡಿದರು. ಒಬ್ಬ ಹುಡುಗ ತೆಂಗಿನಕಾಯಿ ಮಾರುತ್ತಿದ್ದ, ಒಂದಕ್ಕೆ 35. ನಾಲ್ಕಕ್ಕೆ ಎಷ್ಟು? ಮೂರಕ್ಕೆ 105, ಅದಕ್ಕೆ ಮೂವತ್ತು ಸೇರಿಸಿ 135, ಇನ್ನೈದು, 140. ಬಾಯಲ್ಲೇ. ಅದೇ ಹುಡುಗನಿಗೆ ಕಾಗದದ ಮೇಲೆ 35 ಗುಣಿಸು 4 ಕೊಟ್ಟರು. ನಾಲ್ಕೈದ್ಲ ಇಪ್ಪತ್ತು, ದಶಕ ಎರಡು, ಎರಡೂ ಮೂರೂ ಐದು, ಐದು ನಾಲ್ಕ್ಲ ಇಪ್ಪತ್ತು. ಉತ್ತರ 200. ಒಟ್ಟಾರೆ ಆ ಮಕ್ಕಳು ಸಂತೆಯಲ್ಲಿ ನೂರಕ್ಕೆ 98 ಸರಿ, ಬರೀ ಅಂಕಿಯ ಲೆಕ್ಕ ಕೊಟ್ಟರೆ 37. ಈಚೆಗೆ 2025ರಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಸಂತೆ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಶಾಲೆಗೆ ಮಾತ್ರ ಹೋಗುವ ಮಕ್ಕಳಿಗೆ ಸಂತೆ ಲೆಕ್ಕ ಬರಲ್ಲ ಅನ್ನೋದನ್ನೂ ತೋರಿಸಿತು. ಎರಡೂ ಕಡೆ ಗೇಟು ಮುಚ್ಚಿದೆ.

ಮಳೆಹನಿ

ಹಾಗಾದರೆ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನು ಯಾರಾದರೂ ಅಳೆದಿದ್ದಾರಾ?

ಸರಾಸರಿ_ಸೋಮ

ಅಳೆದಿದ್ದಾರೆ, ಅದೂ ಆರ್ಥರ್ ಜೆನ್ಸನ್. ಜಿ ಪಕ್ಷದ ದೊಡ್ಡ ವಕೀಲ. 1988ರಲ್ಲಿ ಆಕೆ ಬರ್ಕ್ಲಿಗೆ ಹೋಗಿದ್ದರು. 61,629,875ರ ಘನಮೂಲ ಕೇಳಿದರೆ, ಜೆನ್ಸನ್ ಆ ಸಂಖ್ಯೆಯನ್ನು ಬರೆದುಕೊಳ್ಳುವ ಮುಂಚೆಯೇ 395 ಎಂದರಂತೆ. ಆದರೆ ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ವೇಗದ ಪರೀಕ್ಷೆಗಳಲ್ಲಿ ಆಕೆಯ ವೇಗ ವಿಶೇಷವೇನೂ ಇರಲಿಲ್ಲ. 1990ರಲ್ಲಿ ಜೆನ್ಸನ್ ಇದನ್ನು ಪ್ರಕಟಿಸಿದರು. ಮೆದುಳಿನ ವೇಗವೇ ಬುದ್ಧಿಯ ತಳಪಾಯ ಅನ್ನುತ್ತಿದ್ದ ಮನುಷ್ಯನಿಗೆ ಅದು ಸಿಹಿ ಫಲಿತಾಂಶವಾಗಿರಲಾರದು. ಆದರೂ ಮುಚ್ಚಿಡಲಿಲ್ಲ, ಅದು ಮೆಚ್ಚುವಂಥದ್ದು.

ರಾಣಿಬಾಗಿಲು

ಎಲ್ಲರೂ ತೇಲಿ ಹೋಗುತ್ತಿದ್ದೀರಿ. @ತುಂಗಾತೀರ, ಯಾವ ಟೆಸ್ಟ್ ಅಂತ ವರದಿಯಲ್ಲಿ ಇದೆಯಾ? ಒಳಗಿನ ಪುಟದ ಅಂಕಗಳು ಬೇಕು.

ಯಾಕೆ ಕೇಳುತ್ತೇನೆ ಅಂದರೆ, ನಮ್ಮಲ್ಲಿ ಇನ್ನೂ ಓಡುವ ಟೆಸ್ಟುಗಳಿಗೆ ಬಹಳ ವಯಸ್ಸಾಗಿದೆ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಟೆಸ್ಟನ್ನು ಹೊಂದಿಸಿದ್ದು 1930ರ ದಶಕದಲ್ಲಿ. ಆಗ ಅದು ಎಂಥ ಕೆಲಸ! ಭಾರತೀಯ ಮಕ್ಕಳನ್ನು ಇಲ್ಲಿನದೇ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ನೋಡಿದ ಮೊದಲಿಗರಲ್ಲಿ ಅವರೊಬ್ಬರು. ಬಿನೆ-ಕಾಮತ್ ಅಂತ ಈಗಲೂ ಬಳಸುತ್ತಾರೆ. ನಾಗಪುರದ ಮಲಿನ್ ಅವರು ವೆಕ್ಸ್‌ಲರ್ ಟೆಸ್ಟನ್ನು ಭಾರತಕ್ಕೆ ಹೊಂದಿಸಿದ್ದು 1969ರಲ್ಲಿ, ಮಿಸಿಕ್ ಅಂತ. ಈಗ ಜೇಮ್ಸ್ ಫ್ಲಿನ್ ಅನ್ನೋ ಸಂಶೋಧಕರು ತೋರಿಸಿದ್ದನ್ನು ನೋಡಿ. ಇಪ್ಪತ್ತನೇ ಶತಮಾನದಲ್ಲಿ ದೇಶದಿಂದ ದೇಶಕ್ಕೆ ಅಂಕಗಳು ಹತ್ತು ವರ್ಷಕ್ಕೆ ಸುಮಾರು ಮೂರರಂತೆ ಏರಿವೆ. ಅಜ್ಜನ ಕಾಲದ ಸಾಲಿನಲ್ಲಿ ಇವತ್ತಿನ ಮಗುವನ್ನು ನಿಲ್ಲಿಸಿದರೆ ಮುಂದೆ ಇರುವ ಹಾಗೆ ಕಾಣಬಹುದು. ಸಹಾಯ ಬೇಕಾದ ಮಗುವಿನ ಮಟ್ಟಿಗೆ ಇದು ಅಪಾಯ.

ತುಂಗಾತೀರ

ಮಿಸಿಕ್ ಅಂತಲೇ ಇದೆ. ಒಳಗೆ ಎರಡು ಅಂಕ. ವರ್ಬಲ್ (ಮಾತಿನಲ್ಲಿ ಉತ್ತರಿಸುವುದು) 84, ಪರ್ಫಾರ್ಮೆನ್ಸ್ (ಕೈಯಿಂದ ಮಾಡಿ ತೋರಿಸುವುದು) 100. ಅಂಕಿಗಳನ್ನು ಕೇಳಿ ಹೇಳುವುದರಲ್ಲಿ ಮತ್ತು ಗಣಿತದಲ್ಲಿ ತುಂಬಾ ಕಮ್ಮಿ. ಬ್ಲಾಕ್ ಜೋಡಿಸುವುದರಲ್ಲಿ, ಚೂರು ಕೂಡಿಸಿ ಆಕಾರ ಮಾಡುವುದರಲ್ಲಿ ಚೆನ್ನಾಗಿದೆ.

ರಾಣಿಬಾಗಿಲು

ಸಿಕ್ಕಿತು. 84 ಮತ್ತು 100, ಸರಾಸರಿ 92. ನಿಮ್ಮ ಕೌನ್ಸೆಲರ್ ಸುತ್ತು ಹಾಕಿದ್ದು ಇವೆರಡರಲ್ಲಿ ಯಾವುದೂ ಅಲ್ಲದ ಸಂಖ್ಯೆಗೆ. 16ರ ಅಂತರ ಸಣ್ಣದಲ್ಲ. ಮಿಕ್ಸಿ ಬಿಚ್ಚುವ ಕೈ, ಪುಸ್ತಕ ಕಂಡರೆ ಹೊಟ್ಟೆನೋವು, ಕೇಳಿದ ಅಂಕಿ ನೆನಪಲ್ಲಿ ನಿಲ್ಲದಿರುವುದು. ಇದರಿಂದಲೇ ಡಿಸ್ಲೆಕ್ಸಿಯಾ (ಓದುವುದರಲ್ಲಿನ ತೊಡಕು) ಅಂತ ನಾನು ಹೇಳಲ್ಲ, ಹೇಳಬಾರದು ಕೂಡ. ಆದರೆ ಓದು, ಬರಹ, ಲೆಕ್ಕವನ್ನು ಬೇರೆಯಾಗಿ ಪರೀಕ್ಷಿಸಲೇಬೇಕು. ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆ ಪರೀಕ್ಷೆಗಳ ಕಟ್ಟು ಇದಕ್ಕೇ ಇರುವುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಸೇರಿದೆ. 2018ರ ಮಾರ್ಗಸೂಚಿಯಲ್ಲಿ (2024ರಲ್ಲಿ ಹೊಸದು ಬಂದಿದೆ) ಐಕ್ಯೂ 85ಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಹಂತಕ್ಕೆ ಕಳಿಸಿ ಅಂತ ಇತ್ತು. ಆ ಲೆಕ್ಕದಲ್ಲಿ 92 ಇರುವ ನಿಮ್ಮ ಹುಡುಗನಿಗೆ ಬಾಗಿಲು ತೆರೆದಿದೆ. ಅಕ್ಕ ಕೊರಗುತ್ತಿರುವ ಸಂಖ್ಯೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಾಫಿ_ಕಣಿವೆ

84 ಬಂದವನಿಗೆ ಬಾಗಿಲು ಮುಚ್ಚಿದೆ ಅಂತಲೂ ಆಯಿತಲ್ಲ? ಅಂಚು ಆರು ಇರುವ ಅಳತೆಯ ಮೇಲೆ?

ಹಳೇಬೇರು

ಆಯಿತು. ಅದು ನಮ್ಮಲ್ಲೂ ದಿನಾ ನಡೆಯುವ ಜಗಳ. ಒಳ್ಳೆಯ ಪರೀಕ್ಷಕರು ಅಂಚಿನಲ್ಲಿರುವ ಮಗುವಿಗೆ ಬೇರೆ ಟೆಸ್ಟ್ ಕೊಟ್ಟು ನೋಡುತ್ತಾರೆ. ಬೌದ್ಧಿಕ ಅಂಗವೈಕಲ್ಯದ ವಿಚಾರದಲ್ಲಂತೂ 70ಕ್ಕಿಂತ ಕಮ್ಮಿ ಬಂತು ಅಂತ ತೀರ್ಮಾನಿಸುವ ಹಾಗಿಲ್ಲ. ಸ್ನಾನ, ಊಟ, ದುಡ್ಡು ಎಣಿಸುವುದು, ಒಬ್ಬನೇ ಅಂಗಡಿಗೆ ಹೋಗಿಬರುವುದು, ಇದನ್ನೆಲ್ಲ ಮನೆಯವರ ಹತ್ತಿರ ಕೇಳಲೇಬೇಕು. ವೆಕ್ಸ್‌ಲರ್ ವ್ಯಾಖ್ಯಾನದಲ್ಲಿದ್ದು ಟೆಸ್ಟ್ ಅಳೆಯದೆ ಬಿಟ್ಟ ಮೂರನೇ ಭಾಗ, ಪರಿಸ್ಥಿತಿಯನ್ನು ನಿಭಾಯಿಸುವುದು, ಇಲ್ಲಿ ವಾಪಸ್ ಬರುತ್ತದೆ.

ಬಯಲು_ಮೇಷ್ಟ್ರು

ಟೆಸ್ಟಿನ ದಿನ ಹೇಗಿತ್ತು ಅನ್ನೋದೂ ನೋಡಿ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ, ರೇವನ್ ಚಿತ್ರ-ಒಗಟಿನ ಪರೀಕ್ಷೆ ಕೊಟ್ಟಿದ್ದರು. 2013ರಲ್ಲಿ ಪ್ರಕಟವಾಯಿತು. ಅದೇ ರೈತ, ದುಡ್ಡಿನ ಚಿಂತೆ ಇದ್ದಾಗ ಅಂಕ ಕಮ್ಮಿ.

ಸರಾಸರಿ_ಸೋಮ

ಎರಡನೇ ಸಲ ಬರೆದಾಗ ಅಭ್ಯಾಸದಿಂದಲೂ ಅಂಕ ಏರುತ್ತದೆ ಅಂತ ಅದಕ್ಕೆ ತಕರಾರು ಬಂದಿತ್ತು. ಕಟಾವಿನ ನಂತರ ಮೊದಲ ಸಲ ಬರೆದ ಬೇರೆ ರೈತರ ಅಂಕ ಇಟ್ಟು ಅವರು ಉತ್ತರ ಕೊಟ್ಟರು. ವಾದ ಪೂರ್ತಿ ಮುಗಿದಿಲ್ಲ. ಗಟ್ಟಿಯಾಗಿ ನಿಂತಿರುವ ಸಂಗತಿ ಬೇರೆ ಇದೆ. 2018ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ಅಂಕಿಗಳನ್ನು ಒಟ್ಟುಮಾಡಿ ನೋಡಿದಾಗ, ಶಾಲೆಯಲ್ಲಿ ಕಳೆದ ಒಂದೊಂದು ಹೆಚ್ಚುವರಿ ವರ್ಷವೂ ಐಕ್ಯೂವನ್ನು ಒಂದರಿಂದ ಐದು ಅಂಕ ಏರಿಸುತ್ತದೆ ಎಂದು ಬಂತು. ಬಿನೆ ಅಂದುಕೊಂಡಂತೆಯೇ.

ತುಂಗಾತೀರ

ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಲಿಕಾ ನ್ಯೂನತೆ ಪರೀಕ್ಷೆಗೆ ಹೋಗೋಣ ಎಂದಿದ್ದಾಳೆ. ಭಾವ ಮಾತ್ರ "ಮತ್ತೆ ಐಕ್ಯೂ ಮಾಡಿಸೋಣ, ಈ ಸಲ ಓದಿಸಿ ಕರೆದೊಯ್ಯೋಣ" ಅಂತಿದ್ದಾರೆ. ಬೇಕಾ?

ರಾಣಿಬಾಗಿಲು

ಬೇಡ. ಅದೇ ಟೆಸ್ಟನ್ನು ಬೇಗ ಮತ್ತೆ ಕೊಟ್ಟರೆ ಅಂಕ ಅಭ್ಯಾಸದಿಂದ ಏರುತ್ತದೆ, ಓದಿಸಿ ಕರೆದೊಯ್ದರೆ ಇನ್ನೂ ಹಾಳು. ಮುಂದೆ ಬೇಕಾದರೆ ಹೊಸ ಟೆಸ್ಟ್ ಕೇಳಿ, ಮಕ್ಕಳ ವೆಕ್ಸ್‌ಲರ್ ಟೆಸ್ಟಾದ ವಿಸ್ಕ್-4ರ ಭಾರತೀಯ ಆವೃತ್ತಿ ಇದೆ. ಈಗ ಹೋಗುವಾಗ ವರದಿಯ ನಾಲ್ಕೂ ಪುಟ ಒಯ್ಯಿರಿ, ಕೊನೆಯದೊಂದೇ ಅಲ್ಲ. ಜೊತೆಗೆ ಅವನ ಹಳೇ ನೋಟ್‌ಬುಕ್ಕುಗಳು, ಕನ್ನಡದ್ದೂ ಇಂಗ್ಲಿಷಿನದ್ದೂ. ಕಣ್ಣು, ಕಿವಿ ಮೊದಲು ತೋರಿಸಿ. ಹಿಂದಿನ ರಾತ್ರಿ ನಿದ್ದೆ ಆಗಿರಲಿ. ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಮಾತಾಡೋದು ಕನ್ನಡ ತಾನೇ?

ತುಂಗಾತೀರ

ಹೌದು, ಕನ್ನಡವೇ. ಶಾಲೆ ಇಂಗ್ಲಿಷ್ ಮೀಡಿಯಂ. ವರ್ಬಲ್ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳಿದರಂತೆ, ಈಗ ತಾನೇ ಅವನನ್ನು ಕೇಳಿದೆ.

ಹಳೇಬೇರು

ಹಾಗಾದರೆ ಆ 84ರ ಪಕ್ಕದಲ್ಲಿ ಅದನ್ನೂ ಬರೆಸಿ. ಮುಂದಿನ ಪರೀಕ್ಷಕರಿಗೆ ಅದು ಗೊತ್ತಿರಲೇಬೇಕು.